ಹಸಿರು ಪೊಟ್ಟಣದ ಕೆಳಗೆ

ನಿಮ್ಮ ಜೇಬಿನಲ್ಲಿರುವ ಫೋನಿನ ಚಿಪ್ ವಿಷದ ಗಾಳಿಯಲ್ಲಿ ಹುಟ್ಟಿದ್ದು. ಇದು ಗುಟ್ಟೇನಲ್ಲ, ನೀವು ಕೇಳಲಿಲ್ಲ, ಅವರು ಹೇಳಲಿಲ್ಲ, ಅಷ್ಟೇ. ಆರ್ಸೆನಿಕ್ ಬೆರೆತ ಅನಿಲವನ್ನು ಯಂತ್ರದೊಳಗೆ ಹಾಯಿಸಿ ಸಿಲಿಕಾನ್ ಬಿಲ್ಲೆಗಳಿಗೆ ವಿದ್ಯುತ್ ಹಾಯಿಸುವ ಗುಣ ಕೊಡುತ್ತಾರೆ. ಅದಕ್ಕೆ ಬಣ್ಣವಿಲ್ಲ. ಸೋರಿದರೆ ಸಣ್ಣಗೆ ಬೆಳ್ಳುಳ್ಳಿ ವಾಸನೆ. ಮೂಗಿಗೆ ತಿಳಿಯುವಷ್ಟು ಸೋರಿದೆ ಎಂದರೆ ಆಗಲೇ ತಡವಾಗಿದೆ. ಅದಕ್ಕೇ ಪ್ರತಿ ಯಂತ್ರದ ಹಿಂದೆ ಒಂದು ಪುಟ್ಟ ಡಬ್ಬಿ ಇಟ್ಟಿರುತ್ತಾರೆ, ಮನುಷ್ಯರಿಗಿಂತ ಮೊದಲೇ ಗಾಳಿಯನ್ನು ಮೂಸಿ ನೋಡಿ ಕೂಗಿಕೊಳ್ಳಲಿ ಎಂದು.

ಫಾನ್ ರುಯ್‌ಚಿನ್‌ಗೆ ಆ ಕೂಗಿನ ಭಯವಿರಲಿಲ್ಲ. ಕೂಗು ನಿಂತಾಗ ಅವಳ ಜೀವ ಬಾಯಿಗೆ ಬರುತ್ತಿತ್ತು.

ಚುತುಂಗ್ ಕಡೆಯವಳು, ಚೀನೀಯರಲ್ಲೇ ಬೇರೆ ಮಾತಿನ ಹಕ್ಕಾ ಪಂಗಡದ ಹೆಂಗಸು. ತಂದೆ ಸಂತೆಯಲ್ಲಿ ಅಕ್ಕಿಯ ಅಗಲ ಶಾವಿಗೆ ಮಾರುತ್ತಿದ್ದ. ಶಾಲೆ ಮುಗಿದ ವರ್ಷವೇ ಶಿಂಚು ಊರಿನ ಚಿಪ್ ಕಾರ್ಖಾನೆಗೆ ಸೇರಿದವಳು, ಕೂದಲು ನರೆಯುವ ತನಕ ಅಲ್ಲೇ ಇದ್ದಳು. ಕಂಪನಿ ಇತರರು ಬರೆದುಕೊಟ್ಟ ನಕ್ಷೆಗೆ ತಕ್ಕ ಮೈಕ್ರೋಪ್ರೊಸೆಸರ್ ಮಾಡಿಕೊಡುತ್ತಿತ್ತು; ಊರಿನ ದೊಡ್ಡಣ್ಣಂದಿರ ಸಾಲಿಗೆ ಸೇರದಿದ್ದರೂ ಸೇರುವ ಆಸೆ ಬೆಟ್ಟದಷ್ಟಿತ್ತು. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಡಬೇಕು, ಮನುಷ್ಯನ ಮೈಯ ಒಂದು ಕಣ ಧೂಳು ಕೂಡ ಬಿಲ್ಲೆಯ ಮೇಲೆ ಬೀಳಬಾರದು. ಕಣ್ಣು ಮಾತ್ರ ಹೊರಗೆ. ಹಾಗಾಗಿ ಅಲ್ಲಿ ಯಾರೂ ಯಾರ ಮುಖವನ್ನೂ ನೋಡಿ ಗುರುತು ಹಿಡಿಯುವುದಿಲ್ಲ. ನಡಿಗೆ ನೋಡಿ ಹಿಡಿಯುತ್ತಾರೆ. ಅವನು ಭುಜ ಕುಣಿಸುತ್ತಾನೆ, ಇವಳು ಬಾತುಕೋಳಿ ಹಾಗೆ ಬರುತ್ತಾಳೆ.

ಚ್ಯೂ ಹ್ವೇಲಾನ್ ಎಡಗಾಲು ತುಸು ಎಳೆಯುತ್ತಿದ್ದಳು. ಮಗುವಾಗಿದ್ದಾಗ ಸ್ಕೂಟರಿನಿಂದ ಬಿದ್ದದ್ದು. ರುಯ್‌ಚಿನ್‌ಳ ಪಾಳಿಯವಳು, ಪಕ್ಕದ ಯಂತ್ರದವಳು, ಊಟದ ಡಬ್ಬಿಯ ಜೊತೆಗಾತಿ. ಅವಳು ಸತ್ತು ಹತ್ತು ವರ್ಷದ ಮೇಲಾಯಿತು. ಆದರೂ ಆ ಬಿಳಿ ಉಡುಪುಗಳ ನಡುವೆ ಒಮ್ಮೊಮ್ಮೆ ಯಾರೋ ಎಡಗಾಲು ಎಳೆದುಕೊಂಡು ಯಂತ್ರದ ಹಿಂದಕ್ಕೆ ತಿರುಗಿ ಹೋದಂತೆ ರುಯ್‌ಚಿನ್‌ಗೆ ಕಾಣುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಮನೆಯಲ್ಲಿ ಹೇಳಿದ್ದಕ್ಕೆ ಗಂಡ ಆ-ಹುಂಗ್, ಬಸ್ಸು ಓಡಿಸಿ ನಿವೃತ್ತನಾದವನು, ಕಣ್ಣಿನ ಡಾಕ್ಟರ ಹತ್ತಿರ ಹೋಗು ಅಂದ. ಅವಳು ಮತ್ತೆ ಹೇಳಲಿಲ್ಲ.

ಆ ಊರಿನ ಯಂತ್ರಗಳ ವಿಷಯ ನಿಮಗೆ ಒಂದು ಮಾತು ಗೊತ್ತಿರಬೇಕು. ಕೋಟಿಗಟ್ಟಲೆ ಬೆಲೆಯ ಯಂತ್ರ, ಅದರ ನೆತ್ತಿಯ ಮೇಲೆ ಮಕ್ಕಳು ತಿನ್ನುವ ಕುರುಕಲಿನ ಒಂದು ಹಸಿರು ಪೊಟ್ಟಣ. ಆ ತಿಂಡಿಯ ಹೆಸರಿಗೆ ಅವರ ಮಾತಿನಲ್ಲಿ 'ಹೇಳಿದ ಮಾತು ಕೇಳು ಕಂದ' ಎಂಬ ಅರ್ಥ. ಇಟ್ಟರೆ ಯಂತ್ರ ಹಟ ಮಾಡುವುದಿಲ್ಲ ಎಂದು ನಂಬಿಕೆ. ಹಸಿರೇ ಆಗಬೇಕು, ಏಕೆಂದರೆ ಯಂತ್ರದ ದೀಪ ಹಸಿರಿದ್ದರೆ ಎಲ್ಲ ಸರಿ ಎಂದರ್ಥ. ಪೊಟ್ಟಣ ಒಡೆಯಬಾರದು. ತಿನ್ನುವ ಅವಧಿ ಮುಗಿಯುವ ಮೊದಲು ಹೊಸದು ಇಡಬೇಕು. ಹಾಗೆ ಬದಲಾಯಿಸುವಾಗ ಬಿಟ್ಟರೆ, ಯಂತ್ರ ಸುಮ್ಮನಿರುವ ತನಕ ಅದನ್ನು ಯಾರೂ ಮುಟ್ಟಬಾರದು. ವಿದೇಶದಲ್ಲಿ ಓದಿ ಬಂದ ಇಂಜಿನಿಯರುಗಳೂ ಮುಟ್ಟುವುದಿಲ್ಲ. ನಗಬೇಡಿ, ನೀವು ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟವರು.

ಹ್ವೇಲಾನ್‌ಳ ಯಂತ್ರ ಐದನೆಯದು. ಒಮ್ಮೆ ಅದರ ಹಿಂದಿನ ಡಬ್ಬಿ ದಿನಕ್ಕೆರಡು ಸಲ ಕೂಗತೊಡಗಿತು. ಕೂಗಿದಾಗಲೆಲ್ಲ ಕೆಲಸ ನಿಲ್ಲಿಸಿ ಎಲ್ಲರೂ ಹೊರಗೆ ಹೋಗಬೇಕು, ಒಳಗಿದ್ದ ಬಿಲ್ಲೆಗಳೆಲ್ಲ ಕಸ. ಆಗಿನ್ನೂ ಕಿರಿಯ ಇಂಜಿನಿಯರಾಗಿದ್ದ ಕುವಾನ್ ಬಂದು ನೋಡಿ, ಡಬ್ಬಿಗೆ ವಯಸ್ಸಾಗಿದೆ, ಸುಳ್ಳು ಕೂಗು ಕೂಗುತ್ತಿದೆ ಅಂದ. ಮರುದಿನ ಪೊಟ್ಟಣ ಯಂತ್ರದ ನೆತ್ತಿಯಿಂದ ಕೆಳಗಿಳಿದು ಹಿಂಬದಿಯ ಅಟ್ಟಣೆಗೆ ಬಂದಿತ್ತು. ಆಮೇಲೆ ಕೂಗಲೇ ಇಲ್ಲ. ಹ್ವೇಲಾನ್‌ಗೆ ಹಿಗ್ಗೋ ಹಿಗ್ಗು. ನನ್ನ ಮಗ ಕೂಡ ಇಷ್ಟು ಮಾತು ಕೇಳಲ್ಲ ಎಂದು ಊಟದ ಮೇಜಿನಲ್ಲಿ ಹೇಳಿಕೊಂಡು ನಕ್ಕಳು. ಪೊಟ್ಟಣದ ಅವಧಿ ಮುಗಿಯುತ್ತ ಬಂದಾಗ ಬದಲಾಯಿಸಲು ಹೋದಳು. ಕುವಾನ್ ತಡೆದ. ಸುಮ್ಮನಿರೋ ಹಾವಿನ ಬುಟ್ಟಿ ಯಾಕೆ ಅಲ್ಲಾಡಿಸ್ತೀರಿ ಅಕ್ಕ, ಅಂದ.

ಒಂದು ಸಂಜೆ ಪಾಳಿ ಮುಗಿಸಿ ಉಡುಪು ಕಳಚುವಾಗ ಹ್ವೇಲಾನ್, "ಯಾರೇ ಅದು, ಬೆಳ್ಳುಳ್ಳಿ ತಿಂದ್ಕೊಂಡು ಒಳಗೆ ಬಂದಿದ್ದೋಳು? ನೀನೇ ಇರ್ಬೇಕು, ಹಕ್ಕಾ ಬಾಯಿ," ಎಂದು ರುಯ್‌ಚಿನ್‌ಳ ತೋಳಿಗೆ ತಿವಿದಳು. ರುಯ್‌ಚಿನ್ ಅವತ್ತು ಬೆಳ್ಳುಳ್ಳಿ ತಿಂದಿರಲಿಲ್ಲ. ತಿನ್ನಲಿಲ್ಲ ಎಂದೂ ಹೇಳಲಿಲ್ಲ, ಸುಮ್ಮನೆ ನಕ್ಕಳು. ಬೆಳ್ಳುಳ್ಳಿಯ ಪಾಠವನ್ನು ಇಬ್ಬರೂ ಸುರಕ್ಷತೆಯ ತರಗತಿಯಲ್ಲಿ ಕೇಳಿದ್ದರು. ಆದರೆ ಡಬ್ಬಿ ಕೂಗದಿರುವಾಗ ನಿಮ್ಮ ಮೂಗನ್ನು ನಂಬಿ ಎಂದು ಅವರಿಗೆ ಹೇಳಿಕೊಟ್ಟವರು ಯಾರು? ರಾತ್ರಿ ಹ್ವೇಲಾನ್‌ಗೆ ಹೊಟ್ಟೆನೋವು. ಬೆಳಗಾಗುವಾಗ ಮೂತ್ರ ರಕ್ತದ ಬಣ್ಣಕ್ಕೆ ತಿರುಗಿತ್ತು. ಕೆಲವೇ ದಿನ ಆಸ್ಪತ್ರೆಯಲ್ಲಿದ್ದು, ಅರಿಶಿನ ಬಳಿದಂತೆ ಹಳದಿಯಾಗಿ, ಹೋಗಿಬಿಟ್ಟಳು.

ವಿಚಾರಣೆ ನಡೆಯಿತು. ಡಬ್ಬಿ ಹಳೆಯದಾಗಿ ಕೆಟ್ಟಿತ್ತು ಎಂದು ಮುಗಿಸಿದರು. ಅದು ಕಾಗದದ ಮೇಲಿನ ಮಾತು. ಊಟದ ಮನೆಯ ಮಾತು ಬೇರೆಯೇ: ಐದನೇ ಯಂತ್ರದ ಪೊಟ್ಟಣದ ಅವಧಿ ಮುಗಿದು ತಿಂಗಳಾಗಿತ್ತಂತೆ, ಹ್ವೇಲಾನ್ ಬದಲಾಯಿಸಲೇ ಇಲ್ಲವಂತೆ, ಪಾಪ, ತಾನೇ ತಂದುಕೊಂಡಳು. ಸತ್ತವಳ ತಲೆಗೆ ಸಾವನ್ನು ಕಟ್ಟಿ ಜನ ನಿರುಮ್ಮಳವಾಗಿ ಉಂಡರು. ರುಯ್‌ಚಿನ್ ಕೂಡ ಆ ಮಾತಿಗೆ ತಲೆ ಆಡಿಸಿದಳು. ಕೆಟ್ಟು ಸುಳ್ಳು ಕೂಗು ಕೂಗುತ್ತಿದ್ದ ಡಬ್ಬಿ, ಯಾರೂ ರಿಪೇರಿ ಮಾಡದೆ ಒಮ್ಮೆಗೇ ಯಾಕೆ ಸುಮ್ಮನಾಯಿತು, ಎಂಬ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಾಗಿ ಉಳಿಯಿತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ.

ಇಷ್ಟು ವರ್ಷದ ಮೇಲೆ ಕಂಪನಿಗೆ ಸುಗ್ಗಿ ಬಂತು. ಜಗತ್ತಿಗೆ ಒಮ್ಮೆಗೇ ಯೋಚಿಸುವ ಯಂತ್ರಗಳ ಹುಚ್ಚು ಹಿಡಿದಿತ್ತು, ಮೈಕ್ರೋಪ್ರೊಸೆಸರ್ ಎಷ್ಟು ಮಾಡಿದರೂ ಸಾಲದು. ಅಧ್ಯಕ್ಷರು ಟಿವಿಯಲ್ಲಿ ಕುಳಿತು ಉತ್ಪಾದನೆ ಇಮ್ಮಡಿ ಮಾಡುತ್ತೇವೆ ಎಂದರು. ಆ-ಹುಂಗ್ ಬೆಳಗಿನ ಸೋಯಾ ಹಾಲು ಹಿಡಿದುಕೊಂಡೇ ಷೇರುಪೇಟೆಯ ಚಾನಲ್ಲಿನ ಮುಂದೆ ಕೂರತೊಡಗಿದ. ಹೆಂಡತಿಗೆ ವರ್ಷವರ್ಷ ಬೋನಸ್ಸಿನ ಜೊತೆ ಬಂದ ಷೇರುಗಳು ಮನೆಯಲ್ಲಿದ್ದವು. ಆ ದೇಶದ ಷೇರುಪೇಟೆಯಲ್ಲಿ ಕೆಂಪು ಎಂದರೆ ಏರಿಕೆ, ಮಂಗಳದ ಬಣ್ಣ. ಕಾರ್ಖಾನೆಯಲ್ಲಿ ಕೆಂಪು ಎಂದರೆ ನಿಲ್ಲು, ಓಡು. ಒಂದೇ ಮನೆಯಲ್ಲಿ ಗಂಡ ಕೆಂಪಿಗಾಗಿ ಹರಕೆ ಹೊರುತ್ತಿದ್ದ, ಹೆಂಡತಿ ಹಸಿರಿಗಾಗಿ.

ಹೊಸ ಸಾಲು ಕಟ್ಟಿ ಮುಗಿದಿರಲಿಲ್ಲ, ಬೇಡಿಕೆ ಕಾಯುತ್ತಿರಲಿಲ್ಲ. ಹಾಗಾಗಿ ಮೂಲೆಗೆ ಸರಿಸಿದ್ದ ಯಂತ್ರಗಳಿಗೆ ಬಣ್ಣ ಬಳಿದು, ಹೊಸ ಸಂಖ್ಯೆ ಬರೆದು ಮತ್ತೆ ಹೂಡಿದರು. ಅವುಗಳಲ್ಲೊಂದು ರುಯ್‌ಚಿನ್‌ಳ ಪಾಳಿಗೆ ಬಂತು. ಹನ್ನೊಂದನೆಯದು ಎಂದು ಬರೆದಿತ್ತು. ಅದರ ಬಾಗಿಲಿನ ಕೆಳಮೂಲೆಯಲ್ಲಿ ಒಂದು ತಗ್ಗು. ಹ್ವೇಲಾನ್ ಒಮ್ಮೆ ಬಿಲ್ಲೆಯ ಗಾಡಿಯನ್ನು ಗುದ್ದಿಸಿ ಮಾಡಿದ ತಗ್ಗು. ಬಣ್ಣ ಅದನ್ನು ಮುಚ್ಚಿರಲಿಲ್ಲ. ರುಯ್‌ಚಿನ್ ಕೈಗವಸಿನ ಬೆರಳಿಂದ ಅದನ್ನು ಮುಟ್ಟಿ ನೋಡಿದಳು, ತಣ್ಣಗಿತ್ತು.

ಅದನ್ನು ನೋಡಿಕೊಳ್ಳಲು ಬಂದವಳು ರೋವೇನಾ. ಫಿಲಿಪೈನ್ಸಿನವಳು, ದಲ್ಲಾಳಿಯ ಮೂಲಕ ಬಂದವಳು, ಮಗಳನ್ನು ತವರಿನಲ್ಲಿ ಬಿಟ್ಟವಳು. ಚೀನೀ ಮಾತು ಅರೆಬರೆ, ನಗು ಪೂರ್ತಿ. ಕಾರ್ಖಾನೆಯಲ್ಲಿ ಅವಳ ದೇಶದವರಿಗೆ ಬೇರೆ ಮೇಜಿನಲ್ಲಿ ಊಟ. ಯಾರೂ ನಿಯಮ ಮಾಡಿದ್ದಲ್ಲ, ಹಾಗೆ ಆಗಿಬಿಟ್ಟಿತ್ತು. ರುಯ್‌ಚಿನ್ ಒಂದು ದಿನ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅವಳ ಎದುರು ಕುಳಿತಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಆ ಯಂತ್ರದ ಪಕ್ಕ ನಿಲ್ಲುವವಳನ್ನು ಒಂಟಿಯಾಗಿ ಉಣ್ಣಲು ಬಿಡಲಾಗಲಿಲ್ಲ.

ಅವರ ಚಾಂದ್ರಮಾನದ ಏಳನೇ ತಿಂಗಳು ಹುಟ್ಟಿತು. ಸತ್ತವರಿಗೆ ಬಾಗಿಲು ತೆರೆಯುವ ತಿಂಗಳು. ಆ ತಿಂಗಳು ಅಲ್ಲಿ ಯಾರೂ ದೆವ್ವ ಎನ್ನುವುದಿಲ್ಲ, 'ಒಳ್ಳೆ ಅಣ್ಣತಮ್ಮಂದಿರು' ಎನ್ನುತ್ತಾರೆ. ಹಿಂದಿನಿಂದ ಯಾರ ಭುಜವನ್ನೂ ತಟ್ಟುವುದಿಲ್ಲ. ಸತ್ತವರ ಹೆಸರು ಹಿಡಿದು ಕರೆಯುವುದಂತೂ ಇಲ್ಲವೇ ಇಲ್ಲ, ಕರೆದರೆ ಬಂದಾರು. ಆ ತಿಂಗಳ ಮೊದಲ ವಾರದಲ್ಲೇ ಹನ್ನೊಂದನೇ ಯಂತ್ರದ ಡಬ್ಬಿ ಕೂಗಿತು. ಮರುದಿನ ಮತ್ತೆ. ಪ್ರತಿ ಸಲ ಜನ ಹೊರಗೆ, ಬಿಲ್ಲೆ ಕಸಕ್ಕೆ. ಕುವಾನ್ ಈಗ ವಿಭಾಗದ ಮುಖ್ಯಸ್ಥ. ಹೂಡಿಕೆದಾರರು ಹುಣ್ಣಿಮೆಯ ದಿನ ಕಾರ್ಖಾನೆ ನೋಡಲು ಬರುವವರಿದ್ದರು, ಮೇಲಿನವರು ಅವನ ಕತ್ತು ಹಿಡಿದಿದ್ದರು. ಅವನ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಗೂಡು ಕಟ್ಟಿತ್ತು.

ಮೂರನೆಯ ದಿನ ಕೂಗಲಿಲ್ಲ. ನಾಲ್ಕನೆಯ ದಿನವೂ ಇಲ್ಲ.

ರುಯ್‌ಚಿನ್ ಊಟ ಬಿಟ್ಟಳು. ಯಂತ್ರದ ಹಿಂದಿನ ಓಣಿಗೆ ಹೋಗಿ ನೋಡಿದಳು: ಅಟ್ಟಣೆಯ ಮೇಲೆ ಹೊಚ್ಚಹೊಸ ಹಸಿರು ಪೊಟ್ಟಣ, ಧೂಳು ತಗಲದಂತೆ ಇನ್ನೊಂದು ಚೀಲದಲ್ಲಿ ಸುತ್ತಿಟ್ಟದ್ದು. ಕುವಾನ್‌ನನ್ನು ಹುಡುಕಿ ಹೋಗಿ, ರಿಪೇರಿಗೆ ಯಾರು ಬಂದಿದ್ದರು ಎಂದು ಕೇಳಿದಳು.

"ಯಾಕೆ ಬರ್ಬೇಕು ರುಯ್ ಅಕ್ಕ? ಸುಮ್ಮನಿದೆಯಲ್ಲ. ಈ ಸಲ ಪೊಟ್ಟಣದ ಅವಧಿ ಬರೋ ವರ್ಷದ ತನಕ ಇದೆ, ನಾನೇ ನೋಡಿ ತಂದಿದೀನಿ. ಮುಟ್ಟಬೇಡಿ ಅಷ್ಟೇ."

"ಸುಮ್ಮನಿದೆ, ಸರಿ. ಸುಮ್ಮನೆ ಮಾಡಿದ್ದು ಯಾರು ಅಂತ ಕೇಳಿದ್ದು."

ಅವನು ನಕ್ಕ. ನಗು ಕಣ್ಣಿನ ತನಕ ಹೋಗಲಿಲ್ಲ. ಹುಣ್ಣಿಮೆ ಎಡೆಯ ಮೇಜಿಗೆ ಹಣ್ಣು ನೀವೇ ಆರಿಸಿ ತರಬೇಕು, ನಿಮ್ಮಷ್ಟು ಚೆನ್ನಾಗಿ ಯಾರೂ ತರಲ್ಲ, ಎಂದು ಹೇಳಿ ಹೊರಟುಹೋದ.

ಆ ರಾತ್ರಿಯಿಂದ ಅವಳಿಗೆ ಮನೆಯ ಮೌನವೂ ಆಗದಾಯಿತು. ಫ್ರಿಜ್ಜಿನ ಗುಂಯ್ ನಿಂತರೆ ಎದ್ದು ಕೂರುವಳು. ಹೊರಗೆ ಶಿಂಚುವಿನ ಗಾಳಿ, ನಿಲ್ಲದ ಗಾಳಿ, ಅದೊಂದೇ ಸಮಾಧಾನ. ಎರಡು ಸಲ ಫೋನ್ ಎತ್ತಿಕೊಂಡು ಕಾರ್ಮಿಕ ಇಲಾಖೆಯ ಸಂಖ್ಯೆ ನೋಡಿ ಕೆಳಗಿಟ್ಟಳು. ಏನೆಂದು ಹೇಳುವುದು? ಯಂತ್ರ ಸದ್ದು ಮಾಡುತ್ತಿಲ್ಲ, ದಯವಿಟ್ಟು ಬನ್ನಿ ಎಂದೇ?

ಹುಣ್ಣಿಮೆ ಬಂತು. ಹೂಡಿಕೆದಾರರು ಬರುವ ಮೊದಲೇ ಮುಗಿಯಲಿ ಎಂದು ಗೇಟಿನ ಬಳಿ ಬೆಳಿಗ್ಗೆಯೇ ಎಡೆ ಇಟ್ಟರು. ಉದ್ದನೆಯ ಮೇಜು, ಹಣ್ಣು, ಬೇಯಿಸಿದ ಕೋಳಿ, ತಂಪು ಪಾನೀಯದ ಡಬ್ಬಿಗಳು, ಶಾವಿಗೆಯ ಪೊಟ್ಟಣಗಳ ಗುಡ್ಡೆ, ಪ್ರತಿಯೊಂದಕ್ಕೂ ಚುಚ್ಚಿದ ಊದುಬತ್ತಿ. ಮೇಜಿನ ತುದಿಯಲ್ಲಿ ಹೊಸ ಬೋಗುಣಿಯಲ್ಲಿ ನೀರು, ಹೊಸ ಟವೆಲ್: ದೂರದಿಂದ ಬಂದ ಅಣ್ಣತಮ್ಮಂದಿರು ಉಣ್ಣುವ ಮೊದಲು ಮುಖ ತೊಳೆಯಲಿ ಎಂದು. ಬೋಗುಣಿ ಇಡುವ ಕೆಲಸ ಪ್ರತಿ ವರ್ಷವೂ ರುಯ್‌ಚಿನ್‌ಳದ್ದು. ಕುವಾನ್ ಎಲ್ಲರಿಗಿಂತ ಹೆಚ್ಚು ಊದುಬತ್ತಿ ಹಿಡಿದು ಎಲ್ಲರಿಗಿಂತ ಕೆಳಗೆ ಬಾಗಿದ. ಬೋಗುಣಿಯ ಕಡೆ ಮಾತ್ರ ಅವನು ಕಣ್ಣು ಹಾಯಿಸಲಿಲ್ಲ. ಹಾಯಿಸಿದ್ದನ್ನು ಅವಳು ಯಾವ ವರ್ಷವೂ ನೋಡಿರಲಿಲ್ಲ. ಅದು ಈಗ ಹೊಳೆಯಿತು.

ಒಳಗೆ ಪಾಳಿ ಶುರುವಾಯಿತು. ಗಾಜಿನ ಗೋಡೆಯಾಚೆ ಸೂಟು ತೊಟ್ಟ ಹೂಡಿಕೆದಾರರು ಬಂದು ನಿಂತರು. ಆಗ ರುಯ್‌ಚಿನ್ ಕಣ್ಣೆತ್ತಿದಾಗ ಬಿಳಿ ಉಡುಪಿನವಳೊಬ್ಬಳು ಎಡಗಾಲು ಎಳೆದುಕೊಂಡು ಹನ್ನೊಂದನೇ ಯಂತ್ರದ ಹಿಂದಕ್ಕೆ ತಿರುಗಿದಳು.

ಅವಳು ಹಿಂದೆ ಹೋದಳು. ಓಣಿಯಲ್ಲಿ ಇದ್ದವಳು ರೋವೇನಾ, ಮಂಡಿಯೂರಿ ಏನೋ ಒರೆಸುತ್ತಿದ್ದಳು. ಅವಳು ಎಂದೂ ಕಾಲು ಎಳೆದು ನಡೆದವಳಲ್ಲ. ಮೇಲೆ ನೋಡಿ ಕಣ್ಣಲ್ಲೇ ನಕ್ಕಳು.

"ಅಕ್ಕ, ಬೆಳಿಗ್ಗೆ ಬೆಳ್ಳುಳ್ಳಿ ತಿಂದ್ರಾ? ಜೋರು ಇದೆ. ನಂಗೂ ಸ್ವಲ್ಪ ಇಡ್ಬೇಕಿತ್ತು."

ಎಡೆಯ ದಿನ ರುಯ್‌ಚಿನ್ ಬೆಳ್ಳುಳ್ಳಿ ಮುಟ್ಟುವವಳಲ್ಲ.

ಅವಳು ಕೈ ಚಾಚಿದಳು. ಅಷ್ಟು ವರ್ಷದಲ್ಲಿ ಯಾವ ಕೈಯೂ ಮಾಡದ ಕೆಲಸವನ್ನು ಮಾಡಿದಳು, ಸುಮ್ಮನಿರುವ ಯಂತ್ರದ, ಅವಧಿ ಇನ್ನೂ ಮುಗಿಯದ ಹಸಿರು ಪೊಟ್ಟಣವನ್ನು ಎತ್ತಿದಳು. ಕೆಳಗೆ ಡಬ್ಬಿಯ ಕೊಳವೆಯ ಬಾಯಿ ಇತ್ತು, ಅದು ಗಾಳಿಯನ್ನು ಮೂಸುವ ಬಾಯಿ. ಅದಕ್ಕೆ ಅಂಟುಪಟ್ಟಿ ಸುತ್ತಿತ್ತು, ನೀಟಾಗಿ, ಎರಡು ಸುತ್ತು. ಉಸಿರುಗಟ್ಟಿಸಿದ ಡಬ್ಬಿ ಕೂಗುವುದೆಲ್ಲಿಂದ?

ಯಾರೂ ಮುಟ್ಟದ ವಸ್ತುವಿನ ಕೆಳಗೆ ಬಚ್ಚಿಟ್ಟದ್ದು ಯಾರಿಗೂ ಕಾಣುವುದಿಲ್ಲ. ಜನರ ಭಕ್ತಿಯನ್ನೇ ಮುಚ್ಚಳ ಮಾಡಿದ್ದರು. ಬದಲಾಯಿಸಬೇಡಿ, ಮುಟ್ಟಬೇಡಿ, ಸುಮ್ಮನಿರುವ ಹಾವಿನ ಬುಟ್ಟಿ. ಹ್ವೇಲಾನ್‌ಳ ಪೊಟ್ಟಣದ ಅವಧಿ ಮುಗಿದದ್ದು ಯಾಕೆಂದು ರುಯ್‌ಚಿನ್‌ಗೆ ಆ ಕ್ಷಣದಲ್ಲಿ ತಿಳಿಯಿತು. ಗಂಟಲಿನ ಮುಳ್ಳು ಹೊರಗೆ ಬಂತು.

ಓಣಿಯ ಗೋಡೆಯಲ್ಲಿ ಕೆಂಪು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಇಡೀ ಸಾಲು ನಿಲ್ಲುತ್ತದೆ, ಒಳಗಿರುವ ಬಿಲ್ಲೆಗಳೆಲ್ಲ ಹಾಳು. ಒತ್ತಿದವರ ಕೆಲಸ ಉಳಿದ ಉದಾಹರಣೆ ಇಲ್ಲ. ತಪ್ಪಾಗಿದ್ದರೆ ಎಂದು ಯೋಚಿಸುವಷ್ಟು ಹೊತ್ತು ಕೂಡ ಅವಳು ತೆಗೆದುಕೊಳ್ಳಲಿಲ್ಲ. ಒಂದು ಕೈಯಲ್ಲಿ ರೋವೇನಾಳ ತೋಳು ಹಿಡಿದು ಇನ್ನೊಂದರಿಂದ ಗುದ್ದಿದಳು.

"ಎದ್ದೇಳು. ಉಸಿರು ಬಿಗಿ ಹಿಡಿ. ಓಡು ಮಗಳೇ."

ಸಾಲುಸಾಲು ದೀಪಗಳು ಹಸಿರಿನಿಂದ ಕೆಂಪಾದವು. ಗಾಜಿನಾಚೆ ಕಂಪನಿಯವನೊಬ್ಬ ಅತಿಥಿಗಳ ಕಡೆ ತಿರುಗಿ, ಇದು ನಮ್ಮ ಸುರಕ್ಷತಾ ಅಭ್ಯಾಸ, ನಿಮಗಾಗಿ ಇಟ್ಟುಕೊಂಡದ್ದು ಎಂದ. ಸೂಟಿನವರು ಮೆಚ್ಚಿ ಚಪ್ಪಾಳೆ ತಟ್ಟಿದರು. ವಿಷದಿಂದ ಓಡಿಬರುತ್ತಿದ್ದ ಇಬ್ಬರು ಹೆಂಗಸರನ್ನು ನೋಡುತ್ತ ತಟ್ಟಿದರು.

ರೋವೇನಾಳನ್ನು ಆಸ್ಪತ್ರೆಯಲ್ಲಿಟ್ಟು ರಕ್ತ ನೋಡಿದರು. ಬದುಕಿದಳು. ಆಮೇಲೆ ದಲ್ಲಾಳಿ ಅವಳನ್ನು ದಕ್ಷಿಣದ ಇನ್ನೊಂದು ಕಾರ್ಖಾನೆಗೆ ಸಾಗಹಾಕಿದ. ಹೋಗುವ ಮೊದಲು ಬಸ್ ನಿಲ್ದಾಣದಲ್ಲಿ ಅವಳು ರುಯ್‌ಚಿನ್‌ಳ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು, ಅವಳ ದೇಶದಲ್ಲಿ ಹಿರಿಯರಿಗೆ ಮಾಡುವ ಹಾಗೆ.

ಕುವಾನ್ ಒಮ್ಮೆ ಮಾತ್ರ ಅವಳ ಎದುರು ಸಿಕ್ಕ. ಪಾರ್ಕಿಂಗಿನಲ್ಲಿ, ಗಾಳಿಗೆ ಕೋಟು ಹಾರುತ್ತಿತ್ತು. ತ್ರೈಮಾಸಿಕ ಮುಗಿಯೋ ತನಕ ಅಂತ ಮಾಡಿದ್ದೆ ಅಕ್ಕ, ಆಮೇಲೆ ತೆಗೀತಿದ್ದೆ, ಅಂದ. ಹ್ವೇಲಾನ್ ಇದ್ದಾಗಲೂ ಹಾಗೇ ಅಂದುಕೊಂಡಿದ್ದೆಯಾ ಎಂದು ಅವಳು ಕೇಳಿದಳು. ಅವನು ಕಾರಿನ ಬಾಗಿಲು ತೆರೆಯಲು ಮೂರು ಸಲ ಕೀಲಿ ಒತ್ತಿದ, ಅದು ಆಗಲೇ ತೆರೆದಿತ್ತು. ಈಗ ಅವನು ಹೊಸ ಸಾಲಿನ ಮುಖ್ಯಸ್ಥ.

ರುಯ್‌ಚಿನ್‌ಗೆ ಹೂಗುಚ್ಛ ಕೊಟ್ಟು, ಚಪ್ಪಾಳೆ ತಟ್ಟಿ, ಅವಧಿಗೆ ಮೊದಲೇ ನಿವೃತ್ತಿ ಕೊಟ್ಟರು. ಅಂಟುಪಟ್ಟಿಯ ಮಾತನ್ನು ಅವಳು ಕಾರ್ಮಿಕ ಇಲಾಖೆಗೆ ಹೇಳಿದಳು. ಅವರು ಬರುವಷ್ಟರಲ್ಲಿ ಯಂತ್ರಕ್ಕೆ ಹೊಸ ಡಬ್ಬಿ, ಹೊಸ ಕೊಳವೆ, ಹೊಸ ಬಣ್ಣ. ಹೊಸ ಸಂಖ್ಯೆಯೂ ಬಂದಿತ್ತು.

ಅವಳು ಗುಂಡಿ ಒತ್ತಿದ ಮರುದಿನ ಬೆಳಿಗ್ಗೆಯೇ ಷೇರು ಏರಿತ್ತು. ಹೂಡಿಕೆದಾರರಿಗೆ ಅಭ್ಯಾಸ ಬಹಳ ಹಿಡಿಸಿತ್ತು. ಪಂಡಿತರು ಟಿವಿಯಲ್ಲಿ, ಈ ಕಂಪನಿಯ ಭವಿಷ್ಯ ಉಜ್ವಲ, ಕೊಳ್ಳಿ, ಎನ್ನುತ್ತಿದ್ದರು. ಪರದೆಯ ತುಂಬ ಕೆಂಪು. ಆ-ಹುಂಗ್ ಅದನ್ನು ನೋಡಿದ, ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ, ಟಿವಿ ಆರಿಸಿದ.

"ಅವಳು ಕಾಲು ಎಳೀತಿದ್ಳು ಅಂದ್ಯಲ್ಲ ಅವತ್ತು," ಅಂದ. "ಯಾವ ಕಾಲು?"

"ಎಡಗಾಲು."

ಅವನು ತಲೆಯಾಡಿಸಿದ. ಕಣ್ಣಿನ ಡಾಕ್ಟರ ಮಾತು ಎತ್ತಲಿಲ್ಲ.

ಮುಂದಿನ ವರ್ಷದ ಏಳನೇ ತಿಂಗಳಲ್ಲಿ ಅವಳು ಮನೆಯ ಮುಂದಿನ ಗಲ್ಲಿಯಲ್ಲಿ ಪುಟ್ಟ ಮೇಜು ಇಟ್ಟಳು. ಬೋಗುಣಿ, ನೀರು, ಟವೆಲ್. ಪಕ್ಕದ ಮನೆಯವರು ನೋಡುತ್ತಿದ್ದ ಹಾಗೆಯೇ, ಯಾರೂ ಮಾಡಬಾರದ್ದನ್ನು ಮಾಡಿದಳು: ಹ್ವೇಲಾನ್, ಬಾರೇ, ಮುಖ ತೊಳ್ಕೋ, ತಪ್ಪು ನಿಂದಲ್ಲ, ಎಂದು ಹೆಸರು ಹಿಡಿದು ಕರೆದಳು. ಪಕ್ಕದ ಮನೆಯಾಕೆ ಬಾಗಿಲು ಹಾಕಿಕೊಂಡಳು. ಹೊಸ ಸಾಲಿನಲ್ಲಿ ಅಷ್ಟೊತ್ತಿಗೆ ನೂರಾರು ಯಂತ್ರ ಓಡುತ್ತಿದ್ದವು, ಪ್ರತಿಯೊಂದರ ಮೇಲೂ ಹಸಿರು ಪೊಟ್ಟಣ. ಎಲ್ಲವೂ ಸುಮ್ಮನಿದ್ದವು.

ಅವುಗಳಲ್ಲಿ ಎಷ್ಟು ಯಂತ್ರಗಳು ಸರಿಯಿವೆ, ಎಷ್ಟರ ಬಾಯಿ ಕಟ್ಟಿದೆ ಎಂದು ರುಯ್‌ಚಿನ್‌ಗೆ ಗೊತ್ತಿಲ್ಲ. ಅವಳನ್ನು ಈಗ ಗೇಟಿನ ಒಳಗೆ ಬಿಡುವುದಿಲ್ಲ. ನಿಮ್ಮನ್ನು ಬಿಡುತ್ತಾರೆ. ಕೈಯಲ್ಲೊಂದು ಷೇರು ಇದ್ದರೂ ಸಾಕು, ವರ್ಷಕ್ಕೊಮ್ಮೆ ಷೇರುದಾರರ ಸಭೆಗೆ ಕರೆದು, ಕುರ್ಚಿ ಕೊಟ್ಟು, ಹೊರಡುವಾಗ ಒಂದು ಕೊಡೆಯನ್ನೋ ಬಟ್ಟಲನ್ನೋ ಉಡುಗೊರೆ ಕೊಟ್ಟು ಕಳಿಸುತ್ತಾರೆ. ಅಲ್ಲಿರಲಿ ಇಲ್ಲಿರಲಿ, ಚಿಪ್ ಮಾಡುವ ಯಾವ ಕಂಪನಿಯಲ್ಲಿ ನಿಮ್ಮ ದುಡ್ಡಿದ್ದರೂ ಕೊಡೆ ಆಮೇಲೆ ತೆಗೆದುಕೊಳ್ಳಿ. ಮೊದಲು ಎದ್ದು ನಿಂತು, ನಿಮ್ಮ ಯಂತ್ರಗಳು ಯಾಕೆ ಸುಮ್ಮನಿವೆ ಎಂದು ಕೇಳಿ. ಪೊಟ್ಟಣ ಎತ್ತಿ ತೋರಿಸುವ ತನಕ ಕೂರಬೇಡಿ.